ಎಂಬತ್ತೊಂದನೆಯ ಎಲೆ

ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ, ಆಮೇಲೆ ಬೆರಳ ತುದಿಯಿಂದ ಚೂರೇ ಚೂರು ಪೌಡರು. ಶಿವರಂಜನಿ ಆಟದ ಎಲೆಗಳನ್ನು ಒಂದೊಂದಾಗಿ ಒರೆಸಿ ಮೊಣಕಾಲ ಪಕ್ಕ ಜೋಡಿಸುತ್ತಿದ್ದಳು. ಹೋದ ಭಾನುವಾರ ಎಲ್ಲರೂ ಗಿರ್ಮಿಟ್ ತಿಂದ ಕೈಯಲ್ಲೇ ಆಡಿದ್ದರಿಂದ ಎಲೆಗಳಿಗೆ ಎಣ್ಣೆ ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಒರೆಸು ಎಂದು ಯಾರೂ ಹೇಳಿರಲಿಲ್ಲ, ಒರೆಸಿದ್ದನ್ನು ಯಾರೂ ಗಮನಿಸುವುದೂ ಇಲ್ಲ. ಮಂಚದ ಮೇಲೆ ಅವ್ವ ನೀಲಗಂಗವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಒಳಗೆ ಅತ್ತಿಗೆ ಜಯಾ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅಣ್ಣ ಚನ್ನಬಸವ ಮಗಳು ಸ್ಫೂರ್ತಿಯನ್ನು ಕೋಚಿಂಗ್ ಕ್ಲಾಸಿನಿಂದ ಕರೆತರಲು ಹೋಗಿದ್ದ. ಎಂಬತ್ತು ಎಲೆ ಮುಗಿದಾಗ ಶಿವರಂಜನಿಯ ಕೈ ತಾನಾಗಿ ನಿಂತಿತು. ಡಬ್ಬಿಯ ಮೇಲೆ ಎಂಬತ್ತೊಂದು ಎಂದು ಬರೆದಿದೆ. ಇಲ್ಲದ ಆ ಒಂದು ಎಲೆ ಯಾವುದು, ಎಲ್ಲಿದೆ ಎನ್ನುವುದು ಈ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಎರಡು ಹುಳ, ಹಸಿರು, ಗೆರೆ. ಬಾಗಿಲ ಹಿಂದೆ ತೂಗಿದ ಅವಳ ಅಂಗಡಿಯ ಚೀಲದಲ್ಲಿ, ಬುತ್ತಿಡಬ್ಬಿಯ ಕೆಳಗೆ.

ಇವು ಇಸ್ಪೀಟಿನ ಎಲೆಗಳಲ್ಲ, ರಾಜನಿಲ್ಲ, ರಾಣಿಯಿಲ್ಲ. ಒಂದೊಂದು ಎಲೆಯ ಮೇಲೂ ಒಂದೋ ಎರಡೋ ಮೂರೋ ಚಿತ್ರ. ಅವು ಮೂರೇ ಆಕಾರ, ಅವಕ್ಕೆ ಮನೆಯವರೇ ಹೆಸರಿಟ್ಟಿದ್ದರು: ವಜ್ರದಾಕಾರದ್ದು ಶಂಕರಪೋಳಿ, ಉದ್ದಗುಂಡನೆಯದು ಗುಳಿಗೆ, ಸೊಟ್ಟಗಿದ್ದದ್ದು ಹುಳ. ಬಣ್ಣವೂ ಮೂರು: ಕೆಂಪು, ಹಸಿರು, ಬದನೆಕಾಯಿ. ಒಳಗೆ ಬಣ್ಣ ತುಂಬಿರಬೇಕು, ಇಲ್ಲವೇ ಬರಿದಿರಬೇಕು, ಇಲ್ಲವೇ ಗೆರೆ ಎಳೆದಿರಬೇಕು. ಚಾಪೆಯ ಮೇಲೆ ಹನ್ನೆರಡು ಎಲೆಗಳನ್ನು ಮೇಲ್ಮುಖವಾಗಿ ಹರಡುತ್ತಾರೆ. ಅವುಗಳಲ್ಲಿ ಮೂರನ್ನು ಹುಡುಕಬೇಕು. ಎಣಿಕೆ, ಆಕಾರ, ಬಣ್ಣ, ಒಡಲು ಈ ನಾಲ್ಕರಲ್ಲಿ ಯಾವುದನ್ನು ಹಿಡಿದು ನೋಡಿದರೂ ಮೂರೂ ಒಂದೇ ಥರ ಇರಬೇಕು, ಇಲ್ಲವೇ ಮೂರೂ ಬೇರೆ ಬೇರೆ ಇರಬೇಕು. ಎರಡು ಒಂದೇ ಥರ, ಒಂದು ಬೇರೆ ಆದರೆ ಕೆಟ್ಟಿತು. ಕಂಡವರು ‘ಸಿಕ್ತು’ ಎಂದು ಕೂಗಿ ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ಸಾಲದು, ಹೇಗೆ ಎಂದು ನಾಲ್ಕನ್ನೂ ಬಾಯಿಬಿಟ್ಟು ಹೇಳಬೇಕು. ಈ ಕೊನೆಯದು ಡಬ್ಬಿಯೊಳಗಿನ ನಿಯಮವಲ್ಲ, ಮಧುಕೇಶ್ವರ ಮಾಸ್ತರರದ್ದು. ಆಟ ತಂದವರೂ ಅವರೇ. ಅಣ್ಣನ ಗೆಳೆಯ. ಐದನೆಯ ತರಗತಿಯ ಮಕ್ಕಳನ್ನು ನವೋದಯ ಪರೀಕ್ಷೆಗೆ ತಯಾರು ಮಾಡುತ್ತಾರೆ. ಆ ಪರೀಕ್ಷೆಯಲ್ಲಿ ನಲವತ್ತು ಪ್ರಶ್ನೆ ಬರೀ ಚಿತ್ರಗಳದ್ದೇ ಇರುತ್ತವಂತೆ: ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ. ಹುಡುಗಿಯ ಕಣ್ಣು ಪಳಗಲಿ ಎಂದು ಭಾನುವಾರ ಮಧ್ಯಾಹ್ನದ ಈ ಆಟ ಶುರುವಾಗಿತ್ತು.

ಹೊಂದುತ್ತದೆ, ಹೊಂದುವುದಿಲ್ಲ. ಶಿವರಂಜನಿ ದಿನವಿಡೀ ಮಾಡುವುದೂ ಅದನ್ನೇ. ಶಿರಸಿಯ ಪೇಟೆಯೊಳಗಿನ ಮ್ಯಾಚಿಂಗ್ ಸೆಂಟರಿನಲ್ಲಿ ಹೆಂಗಸರು ಸೀರೆಯ ಸೆರಗನ್ನು ಕೌಂಟರಿನ ಮೇಲೆ ಹರಡಿದರೆ ಅವಳು ಹಿಂದಿರುಗಿ ಗೂಡಿಗೆ ಕೈ ಹಾಕಿ ಅದಕ್ಕೊಪ್ಪುವ ಒಂದೇ ಒಂದು ರವಿಕೆಯ ತುಂಡು ತೆಗೆಯುತ್ತಾಳೆ. ಅಂಜೂರಿಯಲ್ಲೇ ಒಂಬತ್ತು ಬಗೆ, ಉಳ್ಳಾಗಡ್ಡಿ ಬಣ್ಣದಲ್ಲಿ ಐದು, ಚಟ್ನಿ, ಮೆಹೆಂದಿ, ಗಿಳಿಹಸಿರು, ರಾಮಾ ಗ್ರೀನು. ‘ನಮ್ಮ ಅಂಗಡಿಗೆ ಶೇಡ್ ಕಾರ್ಡೇ ಬೇಡ, ಇವಳ ಕಣ್ಣೇ ಸಾಕು’ ಎಂದು ಮಾಲಿಕ ಕಮಲಾಕರಣ್ಣ ಗಿರಾಕಿಗಳ ಎದುರು ಹೇಳುವಾಗ ಅವಳು ದಾರದ ಉಂಡೆಗಳ ಕಡೆ ತಿರುಗಿಬಿಡುತ್ತಾಳೆ. ಎರಡು ವರ್ಷದ ಕೆಳಗೆ ಯಲ್ಲಾಪುರದ ಕಡೆಯ, ವಜ್ರಳ್ಳಿಯ ಹೆಂಗಸೊಬ್ಬರು ಅಸ್ತರಿನ ಬಟ್ಟೆಗೆ ಬಂದಿದ್ದರು. ಎಷ್ಟು ಬಟ್ಟೆ ಬೇಕಾದೀತು ಎಂದು ಎರಡು ಸಲ ಕೇಳಿದರೂ ಇವಳು ಉತ್ತರ ಕೊಡದೆ ಬಟ್ಟೆ ತೆಗೆದಿಟ್ಟಾಗ ಅವರು ಮಗಳಿಗೆ ‘ಪಾಪ, ಕೂಸಿಗೆ ಮಾತು ಬತ್ತಿಲ್ಲೆ ಕಾಣ್ತು’ ಎಂದು, ಕೈಯಲ್ಲಿ ಅಳತೆ ತೋರಿಸಿ, ಎಷ್ಟು ಎಂಬಂತೆ ಬೆರಳು ಆಡಿಸಿದರು. ಶಿವರಂಜನಿ ಮಾತಾಡಬಹುದಿತ್ತು. ಆದರೆ ಅವರ ಮುಖದಲ್ಲಿ ಅಷ್ಟೊಂದು ಕರುಣೆ ಇತ್ತು, ಅದನ್ನು ಸುಳ್ಳು ಮಾಡುವುದು ಹೇಗೆಂದು ತಿಳಿಯದೆ ಅವಳೂ ಎಂಟು ಬೆರಳು ಎತ್ತಿ ಎಂಬತ್ತು ಸೆಂಟಿಮೀಟರು ತೋರಿಸಿದ್ದಳು. ಆ ಹೆಂಗಸು ಈಗಲೂ ಬರುತ್ತಾರೆ. ಬಂದಾಗೆಲ್ಲ ನಕ್ಕು ಕೈಸನ್ನೆ ಮಾಡುತ್ತಾರೆ. ಇವಳೂ ಮಾಡುತ್ತಾಳೆ. ವಜ್ರಳ್ಳಿಯ ಒಂದು ಮನೆಯ ಮಟ್ಟಿಗೆ ಶಿವರಂಜನಿ ಮೂಗಿ.

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ‘ಬರ್ರಿ ಬರ್ರಿ, ಕುಂದರ್ರಿ’ ಎಂದು ಅಣ್ಣನ ದನಿ, ಹಿಂದೆ ಮಾಸ್ತರರ ನಗು. ಎಲ್ಲರ ಹಿಂದೆ ಸ್ಫೂರ್ತಿ, ನಿನ್ನೆಯಿಂದ ಉಬ್ಬಿದ ಕಣ್ಣು ಇನ್ನೂ ಇಳಿದಿಲ್ಲ. ಶಿವರಂಜನಿ ಎಲೆಗಳನ್ನು ಡಬ್ಬಿಗೆ ಹಾಕಿ ಚಾಪೆಯ ನಡುವೆ ಇಟ್ಟು, ತಾನು ಯಾವಾಗಲೂ ಕೂರುವ ಜಾಗಕ್ಕೆ, ಟ್ರಂಕಿಗೆ ಬೆನ್ನು ಕೊಟ್ಟು, ಕೂತಳು. ಆ ಟ್ರಂಕು ಹೊಸದು. ನವೋದಯದ ಹಾಸ್ಟೆಲಿಗೆಂದು ಅಣ್ಣ ಈಗಲೇ ತಂದು, ಮುಚ್ಚಳದ ಮೇಲೆ ಮಗಳ ಹೆಸರು ಬರೆಸಿದ್ದಾನೆ. ಪರೀಕ್ಷೆ ಬರುವ ಶನಿವಾರ. ಸದ್ಯಕ್ಕೆ ಅದರ ಮೇಲೆ ಅವ್ವನ ಕನ್ನಡಕ, ಅವ್ವನ ಸಂಚಿ.

‘ಏಳಬೇ ಅವ್ವಾ, ನಿನ್ನ ಮೊಮ್ಮಗಳ ಆಟ ನೋಡು’ ಎಂದ ಚನ್ನಬಸವ.

‘ನೋಡೀನಿ ಬಿಡೋ. ಹುಳ, ಗುಳಗಿ. ಮನ್ಯಾಗ ಇದ್ದದ್ದ ಸಾಲದಂತ ಚಾಪಿ ಮ್ಯಾಲೂ ಬಿಟ್ಟೀರಿ’ ಎಂದಳು ನೀಲಗಂಗವ್ವ ಗೋಡೆಯ ಕಡೆಗೇ.

ಮೊದಲ ಭಾನುವಾರ ಮಾಸ್ತರರು ಕೇಳಿದ್ದುಂಟು: ‘ತಂಗಿ, ನೀನೂ ಕುಂದರ್ತೀಯೇನ?’ ಅವರು ಆಟ ವಿವರಿಸುತ್ತಿದ್ದಾಗಲೇ ಚಾಪೆಯ ಮೇಲಿನ ಹನ್ನೆರಡರಲ್ಲಿ ಮೂರು ಮೂರಾಗಿ ಎದ್ದು ನಿಂತಂತೆ ಎಲೆಗಳು ಶಿವರಂಜನಿಗೆ ಕಂಡಿದ್ದವು. ಹುಡುಕಿದ್ದಲ್ಲ, ಸಂತೆಯ ಗದ್ದಲದಲ್ಲಿ ನಮ್ಮ ಮನೆಯವರ ಮುಖ ಕಾಣುವ ಹಾಗೆ. ಹೂಂ ಎನ್ನಲು ಬಾಯಿ ತೆರೆಯುವುದರೊಳಗೆ ಅತ್ತಿಗೆ ‘ಆಕಿಗೆ ಇವೆಲ್ಲಾ ಬಗಿಹರಿಯೂದಿಲ್ರಿ ಸರ್, ಒಂಬತ್ತನೇತ್ತಕ್ಕ ಸಾಲಿ ಬಿಟ್ಟಾಕಿ’ ಎಂದಿದ್ದಳು. ಕೊಂಕಿನಿಂದಲ್ಲ, ಅವಳನ್ನು ಮುಜುಗರದಿಂದ ಪಾರು ಮಾಡುವವಳ ಹಾಗೆ. ಶಿವರಂಜನಿಯೂ ಹೌದೆಂಬಂತೆ ನಕ್ಕಳು. ಆ ನಗೆಯನ್ನು ನೆನೆದರೆ ಈಗಲೂ ಅವಳಿಗೆ ಕೆನ್ನೆ ಬಿಸಿಯಾಗುತ್ತದೆ. ಅವತ್ತು ಆಟ ಮುಗಿದು ಎಲೆಗಳನ್ನು ಎತ್ತಿಡುವಾಗ ಒಂದು ಎಲೆ ಅಂಗೈಯಲ್ಲೇ ಉಳಿಯಿತು. ಕದ್ದೆ ಎಂದು ಅನಿಸಲಿಲ್ಲ. ಮರುದಿನ ಅಂಗಡಿಯಲ್ಲಿ ಅದನ್ನು ಹಸಿರು ಗೂಡಿನ ಎಲ್ಲ ಬಟ್ಟೆಗಳಿಗೂ ಹಿಡಿದು ನೋಡಿದಳು. ಗಿಳಿಹಸಿರಲ್ಲ, ರಾಮಾ ಅಲ್ಲ, ಮೆಹೆಂದಿ ಅಲ್ಲ. ಎಲ್ಲಿಯೂ ಹೊಂದದ ಹಸಿರು. ಆಮೇಲಿನ ಭಾನುವಾರಗಳಲ್ಲಿ ಆಟದ ಕೊನೆಗೆ ಎಂಟೋ ಹನ್ನೊಂದೋ ಎಲೆ ಉಳಿಯತೊಡಗಿದವು. ಮೂರು ಮೂರು ಎತ್ತುವ ಆಟದಲ್ಲಿ ಎಲೆ ಪೂರ್ತಿ ಇದ್ದರೆ ಆರು, ಒಂಬತ್ತು, ಹನ್ನೆರಡು ಉಳಿಯಬೇಕು. ಇದು ಯಾರ ಕಣ್ಣಿಗೂ ಬೀಳಲಿಲ್ಲ. ಗಣಿತ ಕಲಿಸುವ ಮಾಸ್ತರರ ಕಣ್ಣಿಗೂ.

‘ಸಿಕ್ತು’ ಎಂದ ಚನ್ನಬಸವ, ಎತ್ತಿದ, ಹೇಳುವಾಗ ಮೂರನೆಯದಕ್ಕೆ ಎಡವಿ ತಾನೇ ನಕ್ಕು ವಾಪಸಿಟ್ಟ. ‘ನೀ ಮಾರೂ ಟ್ರ್ಯಾಕ್ಟರ್ ಸಾಮಾನಲ್ಲೋ ಇದು’ ಎಂದರು ಮಾಸ್ತರರು. ಜಯಾ ಒಂದು ಎತ್ತಿದಳು, ಸರಿಯಿತ್ತು. ಸ್ಫೂರ್ತಿ ಇನ್ನೂ ಕೂಗಿರಲಿಲ್ಲ. ಅವಳು ಚಾಪೆಯನ್ನು ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ, ಕೂದಲ ಸಂದಿಯಿಂದ, ಅತ್ತೆಯ ಕಣ್ಣನ್ನು ನೋಡುತ್ತಿದ್ದಳು.

ಇದು ಶುರುವಾಗಿದ್ದು ಎರಡನೆಯ ಭಾನುವಾರ. ಹುಡುಗಿ ಒಂದಾದ ಮೇಲೆ ಒಂದು ಎತ್ತತೊಡಗಿದಾಗ ಎಲ್ಲರಿಗಿಂತ ಹೆಚ್ಚು ಬೆರಗಾದವಳು ಶಿವರಂಜನಿಯೇ. ತನಗೆ ಕಂಡ ಕೂಡಲೇ ಅವಳಿಗೂ ಕಾಣುತ್ತದಲ್ಲ, ತನ್ನ ಹಾಗೆಯೇ ಒಬ್ಬಳು ಈ ಮನೆಯಲ್ಲಿ ಇದ್ದಾಳಲ್ಲ ಎಂದು ಅವತ್ತೆಲ್ಲ ಅವಳನ್ನೇ ನೋಡಿದ್ದಳು. ಅದಾದ ಮೂರನೆಯ ದಿನ ತಲೆ ಬಾಚಿಸಿಕೊಳ್ಳುತ್ತಾ ಸ್ಫೂರ್ತಿ ಕನ್ನಡಿಯೊಳಗಿಂದ ಮೆಲ್ಲಗೆ ಹೇಳಿದಳು: ‘ಅತ್ತಿ, ಇನ್ನೊಂಚೂರು ಹೊತ್ತು ನೋಡು. ಲಗೂನ ಕಣ್ಣು ತಿರುಗಸಬ್ಯಾಡ, ನನಗ ಮೂರನೇದ್ದ ತಪ್ಪತೈತಿ.’ ಬಾಚಣಿಗೆ ಜಡೆಯ ಗಂಟಿನಲ್ಲಿ ನಿಂತಿತು. ಬೈಯಬೇಕಿತ್ತು. ಅಣ್ಣನಿಗೆ ಹೇಳಬೇಕಿತ್ತು. ಅವಳು ಗಂಟು ಬಿಡಿಸಿ, ಜಡೆ ಹೆಣೆದು, ಮುಂದಿನ ಭಾನುವಾರ ಇನ್ನೊಂಚೂರು ಹೊತ್ತು ನೋಡಿದಳು. ಒಂದು, ಎರಡು, ಮೂರು, ಕಣ್ಣನ್ನು ಎಲೆಯಿಂದ ಎಲೆಗೆ ನಿಧಾನಕ್ಕೆ, ಕಾಳು ಹಾಕಿದ ಹಾಗೆ. ‘ಸಿಕ್ತು!’ ಎಂದು ಹುಡುಗಿ ಕೂಗಿದಾಗ ಆ ಕೂಗು ತನ್ನ ಹೊಟ್ಟೆಯಿಂದಲೇ ಎದ್ದಂತಿತ್ತು. ಸ್ಫೂರ್ತಿಯ ಬಾಯಿ ಅರಳು ಹುರಿದ ಹಾಗೆ. ಮೂರು ಎಲೆ ಕೈಗೆ ಬಂದರೆ ನಾಲ್ಕೂ ಕಾರಣವನ್ನು ತಡೆಯದೆ ಹೇಳುತ್ತಿದ್ದಳು. ಅತ್ತೆಗೆ ಕಣ್ಣಿತ್ತು, ಸೊಸೆಗೆ ಬಾಯಿ. ಸೋಮವಾರದಿಂದ ಶನಿವಾರದವರೆಗೆ ಶಿವರಂಜನಿ ಅಂಗಡಿಯಲ್ಲಿ ಬಟ್ಟೆ ಮಡಚುತ್ತಾ ಆ ಕೂಗನ್ನು ಒಳಗೊಳಗೇ ಕೇಳಿಸಿಕೊಳ್ಳುತ್ತಿದ್ದಳು. ಅದಕ್ಕಾಗಿಯೇ ವಾರ ಕಳೆಯುತ್ತಿತ್ತು.

ನಿನ್ನೆ ಸಂಜೆ ಮಾದರಿ ಪತ್ರಿಕೆಯ ಅಂಕಗಳು ವಾಟ್ಸಾಪಿನಲ್ಲಿ ಬಂದಿದ್ದವು. ಚಿತ್ರದ ನಲವತ್ತರಲ್ಲಿ ಸ್ಫೂರ್ತಿಗೆ ಹದಿನಾಲ್ಕು. ‘ಆಟದಾಗ ಬರ್ತೈತಿ, ಪೇಪರ್‍ನಾಗ ಯಾಕ ಬರೂದಿಲ್ಲ? ಮೈಗಳ್ಳಿ!’ ಎಂದು ಚನ್ನಬಸವ ಅವಳನ್ನು ಹೊರಗೆ ಮೆಟ್ಟಿಲ ಮೇಲೆ ನಿಲ್ಲಿಸಿದ. ದೀಪ ಹಚ್ಚುವ ಹೊತ್ತು. ಕೆಳಗಿನ ಮನೆಯ ಮಕ್ಕಳು ಬಂದು ನೋಡಿ ಹೋದರು. ಮಾಸ್ತರರು ಫೋನಿನಲ್ಲಿ ಸಮಾಧಾನ ಹೇಳಿದರು: ಬುದ್ಧಿ ಐತಿ, ಅಂಜಿಕಿ ಬಿಡಬೇಕು ಅಷ್ಟ. ಶಿವರಂಜನಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮೆಟ್ಟಿಲ ಮೇಲೆ ನಿಂತವಳು ಸೊಸೆಯಲ್ಲ, ತಾನೇ ಎಂದು ಅವಳಿಗೆ ಅನಿಸುತ್ತಲೇ ಇತ್ತು. ಬನವಾಸಿಯ ಕಡೆ ಅವಳು ಓದಿದ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಹಲಗೆಯ ಮೇಲೆ ಅಂಕಿಗಳ ಸಾಲೊಂದನ್ನು ಬರೆದು, ಮುಂದಿನದು ಯಾವುದೆಂದು ಸರ್ ಕೇಳಿದ್ದರು. ಉತ್ತರ ಬರೆದವಳು ಇವಳೊಬ್ಬಳೇ. ‘ಹೆಂಗ ಬಂತು, ನಿಂತು ಹೇಳು’ ಎಂದರು. ನಿಂತಳು. ಹೇಗೆಂದು ಏನು ಹೇಳುವುದು? ಕಾಣಿಸಿತು. ಆದರೆ ಕಾಣಿಸಿತು ಎನ್ನುವುದು ಉತ್ತರವಲ್ಲ ಎಂದು ಅವಳಿಗೂ ಗೊತ್ತಿತ್ತು. ಇಡೀ ತರಗತಿ ತಿರುಗಿ ನೋಡುತ್ತಿತ್ತು, ಲಂಗದ ಅಂಚು ಕೈಯಲ್ಲಿ ಒದ್ದೆಯಾಗಿತ್ತು. ‘ಯಾರದ್ದ ನೋಡಿ ಬರದಿ?’ ಎಂದು ಕೇಳಿದಾಗಲೂ ಅವಳು ಸುಮ್ಮನೆ ನಿಂತಿದ್ದಳು. ಸುಮ್ಮನಿದ್ದದ್ದೇ ಒಪ್ಪಿಗೆಯಾಯಿತು. ಮರುದಿನ ಹೊಟ್ಟೆನೋವು ಎಂದಳು. ಅದರ ಮರುದಿನವೂ. ಮೂರು ತಿಂಗಳು ಯಾರೂ ಏನೂ ಕೇಳಲಿಲ್ಲ. ನಾಲ್ಕನೆಯ ತಿಂಗಳು ಅವ್ವ ರೊಟ್ಟಿಯ ಹಲಗೆಯನ್ನು ಅವಳ ಮುಂದಕ್ಕೆ ಸರಿಸಿದಳು. ಅಷ್ಟೇ, ಶಾಲೆ ಮುಗಿದಿತ್ತು.

ಆದ್ದರಿಂದ ಇವತ್ತು ಹೊಂದದ ಎಲೆಗಳ ಮೇಲೆ ಕಣ್ಣಿಟ್ಟು ಸುಳ್ಳು ನೋಡುವುದೆಂದು ಅವಳು ಬೆಳಿಗ್ಗೆಯೇ ನಿಶ್ಚಯಿಸಿದ್ದಳು. ಒಂದೆರಡು ಸಲ ತಪ್ಪಿದರೆ ಹುಡುಗಿ ಅತ್ತೆಯ ಕಣ್ಣು ಬಿಟ್ಟು ಎಲೆಯನ್ನು ನೋಡುತ್ತಾಳೆ. ಶನಿವಾರ ಪರೀಕ್ಷೆಯ ಕೋಣೆಯಲ್ಲಿ ತನ್ನ ಕಣ್ಣು ಇರುವುದಿಲ್ಲವಲ್ಲ. ಇಷ್ಟೇ ಕಾರಣ ಎಂದು ತನಗೆ ತಾನೇ ಹೇಳಿಕೊಂಡಳು. ಪೌಡರು ಹಚ್ಚುವಾಗ ಮಾತ್ರ, ‘ಕೂಸು ಕಂಪ್ಯೂಟರ್ ಐತಿ’ ಎಂದು ಮಾಸ್ತರರು ಸ್ಫೂರ್ತಿಯ ಬೆನ್ನು ತಟ್ಟಿದ್ದು ಕಣ್ಣ ಮುಂದೆ ಬಂದು, ಕಾರಣ ಇಷ್ಟೇನಾ ಎಂಬ ಅನುಮಾನ ಎದ್ದಿತ್ತು.

ಕೆಂಪು ಗುಳಿಗೆ ಒಂದು, ಬಣ್ಣ ತುಂಬಿದ್ದು. ಶಿವರಂಜನಿ ಅದರ ಮೇಲೆ ಕಣ್ಣು ಇಟ್ಟಳು. ಕೆಂಪು ಗುಳಿಗೆ ಎರಡು, ಗೆರೆ. ಕೆಂಪು ಗುಳಿಗೆ ಮೂರು, ಇದೂ ತುಂಬಿದ್ದೇ.

‘ಸಿಕ್ತು!’ ಸ್ಫೂರ್ತಿ ಮೂರನ್ನೂ ಬಾಚಿಕೊಂಡಳು. ಉಬ್ಬಿದ ಕಣ್ಣಲ್ಲಿ ಬೆಳಕು. ‘ಬಣ್ಣ ಎಲ್ಲಾ ಕೆಂಪು. ಆಕಾರ ಎಲ್ಲಾ ಗುಳಗಿ. ಒಂದು, ಎರಡು, ಮೂರು. ಆಮ್ಯಾಲ ತುಂಬಿದ್ದು, ಗೆರಿ...’ ಎಂದವಳು ಕೈಯಲ್ಲಿದ್ದ ಮೂರನೆಯದನ್ನು ನೋಡಿದಳು. ‘ತುಂಬಿದ್ದು’ ಎಂದಳು, ದನಿ ಇಳಿದು.

‘ಎರಡು ತುಂಬಿದ್ದು, ಒಂದು ಗೆರಿ. ಕೆಟ್ಟತವಾ’ ಎಂದರು ಮಾಸ್ತರರು. ‘ಇರ್‍ಲಿ, ಇಡು.’

ಅವಳು ಎಲೆಗಳನ್ನು ಇಡುತ್ತಾ ಅತ್ತೆಯನ್ನು ನೋಡಿದಳು. ನೀರು ಕೊಡುತ್ತಿದ್ದ ಕೈ ಹಠಾತ್ತನೆ ಚೊಂಬು ಹಿಂದಕ್ಕೆ ಎಳೆದುಕೊಂಡರೆ ಬಾಯಾರಿದವರು ನೋಡುವ ಹಾಗೆ. ಶಿವರಂಜನಿ ತನ್ನ ಕಾಲಿನ ಉಗುರು ನೋಡಿಕೊಂಡಳು. ಆಮೇಲೆ ಆಟ ಬಹಳ ಹೊತ್ತು ನಡೆಯಿತು. ಹುಡುಗಿ ಎಲೆಯನ್ನು ನೋಡಲೇ ಇಲ್ಲ. ಅಣ್ಣ, ಅತ್ತಿಗೆ, ಮಾಸ್ತರರು ಎಡವುತ್ತಾ ತಡವರಿಸುತ್ತಾ ಎತ್ತಿದರು. ಕಟ್ಟು ಮುಗಿಯಿತು. ಚಾಪೆಯ ಮೇಲೆ ಹನ್ನೊಂದು ಎಲೆ ಉಳಿದವು. ಸ್ಫೂರ್ತಿಯ ಮುಂದೆ ಒಂದೂ ಇರಲಿಲ್ಲ.

‘ಏನಾಗೇತಿ ಇಕಿಗೆ?’ ಚನ್ನಬಸವನ ದನಿ ಗಡುಸಾಯಿತು. ‘ಶನಿವಾರ ಪರೀಕ್ಷಾ. ನೋಡಲೇ ಸರಿಯಾಗಿ!’

‘ಅತ್ತಿ ಸುಳ್ಳ ನೋಡಿದ್ಲು!’ ಸ್ಫೂರ್ತಿ ಒಮ್ಮೆಲೇ ಅತ್ತುಬಿಟ್ಟಳು. ‘ಯಾವಾಗ್ಲೂ ಖರೇ ನೋಡ್ತಾಳ, ಇವತ್ತ ಸುಳ್ಳ ನೋಡಿದ್ಲು. ಈಗ ನೋಡವಲ್ಲಾಳ.’

ಬೆಳ್ಳುಳ್ಳಿಯ ವಾಸನೆಯ ಕೈಯನ್ನು ಜಯಾ ಸೆರಗಿಗೆ ಒರೆಸಿಕೊಂಡಳು. ‘ಅಂದ್ರ? ಇಷ್ಟ ದಿನ ನೀ ಹೇಳಿಕೊಡಾಕತ್ತಿದ್ದೇನ ರಂಜನೀ? ಹುಡುಗಿ ದಿಕ್ಕು ತಪ್ಪಿಸಿ ಇಟ್ಟೀಯಲ್ಲ.’

‘ಆಕಿ ಬಾಯಿ ತಗದದ್ದ ನಾನ ಕಂಡಿಲ್ಲ’ ಎಂದಳು ಮಂಚದಿಂದ ನೀಲಗಂಗವ್ವ. ‘ಎಲ್ಲಿಂದ ಹೇಳಿಕೊಡ್ತಾಳ?’

ಮಾಸ್ತರರು ಮಾತ್ರ ಶಿವರಂಜನಿಯ ಕಡೆ ತಿರುಗಿ ಕೂತರು. ಆ ದನಿಯಲ್ಲಿ ಬೈಗುಳ ಇರಲಿಲ್ಲ, ಕುತೂಹಲವಿತ್ತು. ‘ತಂಗಿ, ಖರೇ ನಿನಗ ಕಾಣತಾವೇನ? ಹಂಗಾರ ಈ ಉಳದದ್ರಾಗ ಒಂದ ಎತ್ತಿ ತೋರಿಸು. ಹೆಂಗ ಅಂತ ಹೇಳು, ಸಾಕು.’

ನಾಲ್ಕು ಭಾನುವಾರ ಅವಳು ಕಾದದ್ದು ಈ ಮಾತಿಗೇ. ಚಾಪೆಯನ್ನು ನೋಡಿದಳು. ಹನ್ನೊಂದು ಎಲೆ. ಒಂದು ಉಸಿರಿನಷ್ಟು ಹೊತ್ತು. ಅವುಗಳಲ್ಲಿ ಯಾವ ಮೂರೂ ಹೊಂದುತ್ತಿರಲಿಲ್ಲ. ಕೆಂಪು ಶಂಕರಪೋಳಿ ಒಂದು, ಬಣ್ಣ ತುಂಬಿದ್ದು. ಬದನೆಕಾಯಿ ಬಣ್ಣದ ಗುಳಿಗೆ ಮೂರು, ಬರಿದು. ಇವೆರಡರ ಜೊತೆ ಹೊಂದುವ ಎಲೆ ಜಗತ್ತಿನಲ್ಲಿ ಒಂದೇ, ಅದು ಬಾಗಿಲ ಹಿಂದಿನ ಚೀಲದಲ್ಲಿ, ಬುತ್ತಿಡಬ್ಬಿಯ ಕೆಳಗೆ. ಇದರಾಗ ಇಲ್ರಿ ಎನ್ನಬೇಕಿತ್ತು. ಎರಡೇ ಎರಡು ಅಕ್ಷರದ ಇಲ್ರಿ. ಎಲ್ಲರೂ ತಿರುಗಿ ನೋಡುತ್ತಿದ್ದರು. ಇಲ್ಲ ಎಂದರೆ ಯಾಕಿಲ್ಲ ಎನ್ನುತ್ತಾರೆ, ಯಾಕಿಲ್ಲ ಎಂದರೆ ಚೀಲ ತರಬೇಕು. ಸೆರಗಿನ ಅಂಚು ಕೈಯಲ್ಲಿ ಒದ್ದೆಯಾಗತೊಡಗಿತು.

‘ಹೋಗ್ಲಿ ಬಿಡು’ ಎಂದರು ಮಾಸ್ತರರು, ತಪ್ಪು ತಮ್ಮದೇ ಎಂಬಷ್ಟು ಮೆತ್ತಗೆ.

‘ಆಕಿಗೇನ ತಿಳೀತೈತ್ರಿ’ ಎಂದ ಚನ್ನಬಸವ. ‘ಇದು ನೆವ. ತನಗ ಬರಲಿಲ್ಲಂತ ಅತ್ತಿ ಮ್ಯಾಲ ಹಾಕಾಕತ್ತೈತಿ. ಸುಳ್ಳ ಹೇಳೂದ ಬ್ಯಾರೆ ಕಲತಿ? ಏಳು. ಹೊರಗ ನಿಲ್ಲು.’

ಸ್ಫೂರ್ತಿ ಎದ್ದಳು. ಬಾಗಿಲಲ್ಲಿ ಒಮ್ಮೆ ನಿಂತು ತಿರುಗಿದಳು. ಅಪ್ಪನ ಕಡೆಗಲ್ಲ, ಅತ್ತೆಯ ಕಡೆಗೆ. ಇನ್ನೊಂಚೂರು ಹೊತ್ತು ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಅವಳ ಬರಿಗಾಲಿನ ಸದ್ದು.

‘ಚಾ ಇಡು ಹೋಗು’ ಎಂದಳು ಜಯಾ. ಶಿವರಂಜನಿ ಒಳಗೆ ಹೋಗಿ ಒಲೆ ಹಚ್ಚಿದಳು. ನೀರು ಕುದಿಯುವವರೆಗೂ ಪಾತ್ರೆಯ ಅಂಚಿನಲ್ಲಿ ಗುಳ್ಳೆಗಳು ಏಳುವುದನ್ನು ನೋಡಿದಳು: ಒಂದು, ಎರಡು, ಮೂರು. ಹೊರಗೆ ಮಾತು ಆಗಲೇ ಹುಬ್ಬಳ್ಳಿಯ ಇನ್ಯಾವುದೋ ಕೋಚಿಂಗಿನ ಕಡೆ ಹೊರಳಿತ್ತು. ಹುಡುಗಿ ನಿಜ ಹೇಳಿದ್ದಳು. ಈ ಮನೆಯಲ್ಲಿ ಶಿವರಂಜನಿಗೆ ಕಾಣುತ್ತದೆ ಎಂದು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ, ಅದಕ್ಕಾಗಿ ಈಗ ಹೊರಗೆ ನಿಂತಿದ್ದಾಳೆ. ಯಾರದ್ದ ನೋಡಿ ಬರದಿ? ಅವತ್ತು ಆ ತರಗತಿಯಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದಾಗ ಒಬ್ಬರಾದರೂ, ಪಕ್ಕದ ಬೆಂಚಿನಿಂದ, ಇಲ್ರಿ ಸರ್ ಎಂದಿದ್ದರೆ! ಚಹಾ ಉಕ್ಕಿ ಒಲೆಯ ಮೇಲೆ ಬಿತ್ತು.

ಲೋಟಗಳನ್ನು ಕೊಟ್ಟು ಅವಳು ಬಾಗಿಲ ಹಿಂದೆ ಹೋದಳು. ಬುತ್ತಿಡಬ್ಬಿ ಎತ್ತಿ, ಕೆಳಗಿನಿಂದ ಎಲೆ ತೆಗೆದಳು. ಇದೊಂದನ್ನು ಒರೆಸಿರಲಿಲ್ಲ, ಮೂಲೆಗೆ ಅಂಗಡಿಯ ಹಸಿರು ದಾರದ ಎಳೆಯೊಂದು ಅಂಟಿತ್ತು. ಬಂದು ಚಾಪೆಯ ಮೇಲೆ, ಟ್ರಂಕಿನ ಬಳಿ ಅಲ್ಲ, ಸ್ಫೂರ್ತಿ ಎದ್ದುಹೋದ ಜಾಗದಲ್ಲಿ ಕೂತಳು. ಕೆಂಪು ಶಂಕರಪೋಳಿಯನ್ನು ಎಳೆದಳು, ಬದನೆಕಾಯಿ ಬಣ್ಣದ ಗುಳಿಗೆಯನ್ನು ಎಳೆದಳು, ಅವೆರಡರ ನಡುವೆ ತನ್ನ ಕೈಯ ಎಲೆಯನ್ನು ಇಟ್ಟಳು.

‘ಒಂದು, ಎರಡು, ಮೂರು’ ಎಂದಳು ಶಿವರಂಜನಿ. ದನಿ ಅವಳಿಗೇ ಗುರುತು ಸಿಗದಷ್ಟು ಒರಟಾಗಿತ್ತು. ‘ಕೆಂಪು, ಹಸರು, ಬದನಿಕಾಯಿ. ಶಂಕರಪೋಳಿ, ಹುಳ, ಗುಳಗಿ. ತುಂಬಿದ್ದು, ಗೆರಿ, ಬರೇದು. ನಾಕೂ ಬ್ಯಾರೆ ಬ್ಯಾರೆ. ಸ್ಫೂರ್ತಿ ಹೇಳಿದ್ದು ಖರೇ ಐತಿ.’

ಮಾಸ್ತರರ ಲೋಟ ತುಟಿಯ ಹತ್ತಿರ ನಿಂತಿತ್ತು. ಅವರು ಎಲೆಯನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಜಯಾ ಗಂಡನ ಮುಖ ನೋಡಿದಳು. ಚನ್ನಬಸವ ಮೂಲೆಗೆ ಅಂಟಿದ ದಾರವನ್ನೇ ನೋಡುತ್ತಿದ್ದ. ಮಂಚದ ಮೇಲೆ ನೀಲಗಂಗವ್ವ ಈ ಕಡೆ ಹೊರಳಿದ್ದಳು.

‘ಅಣ್ಣಾ, ಸ್ಫೂರ್ತಿನ್ನ ಒಳಗ ಕರಿ’ ಎಂದಳು ಶಿವರಂಜನಿ.

ಅಣ್ಣ ಏಳಲೆಂದು ಕಾದಳು. ಫ್ಯಾನಿನ ಗಾಳಿಗೆ ಎಲೆಗಳ ಅಂಚು ಸಣ್ಣಗೆ ಏಳುತ್ತಿತ್ತು. ಅವಳು ಹನ್ನೆರಡನ್ನೂ ಒಂದುಗೂಡಿಸಿ, ಎಲ್ಲರೂ ಎತ್ತಿಟ್ಟುಕೊಂಡ ಎಲೆಗಳನ್ನೂ ಒಬ್ಬೊಬ್ಬರ ಮುಂದಿನಿಂದ ತೆಗೆದು, ಎಂಬತ್ತೊಂದನ್ನೂ ಕಲಸಿ, ಕಟ್ಟನ್ನು ಮಾಸ್ತರರ ಮೊಣಕಾಲ ಮುಂದೆ ಇಟ್ಟಳು.

‘ಇನ್ನೊಂದ ಸಲ ಹಾಕ್ರಿ, ಸರ್. ನಾನೂ ಆಡ್ತೀನಿ.’